‘ಇಂಟರ್‌ಲೋಪರ್’: ಪದದ ಅರ್ಥ, ಬಳಕೆ ಮತ್ತು ಗಡಿನಾಡಿನ ಒಂದು ಎಚ್ಚರ

ಬೇಡವಾದ ಆಗಂತುಕರನ್ನು ಸೂಚಿಸಲು ಇಂಗ್ಲಿಷಿನಲ್ಲಿ ಇಂಟ್ರೂಡರ್, ಟ್ರೆಸ್‌ಪಾಸರ್, ಇನ್‌ಫಿಲ್ಟ್ರೇಟರ್, ಇಂಟರ್‌ಲೋಪರ್ ಮೊದಲಾದ ಪದಗಳಿವೆ. ಕನ್ನಡಕ್ಕೆ ತರುವಾಗ ಇವೆಲ್ಲಕ್ಕೂ ‘ನುಸುಳುಕೋರ’ ಎಂದೋ ‘ಅತಿಕ್ರಮಣಕಾರ’ ಎಂದೋ ಬರೆದು ಮುಂದೆ ಸಾಗುವುದುಂಟು. ಆದರೆ ಈ ಪದಗಳು ಹೊರಿಸುವ ಆರೋಪ ಒಂದೇ ಅಲ್ಲ. ಇಂಟ್ರೂಡರ್ ಬಲದಿಂದ ನುಗ್ಗಿದವನು. ಇನ್‌ಫಿಲ್ಟ್ರೇಟರ್ ಕಣ್ತಪ್ಪಿಸಿ ನುಸುಳಿದವನು. ಟ್ರೆಸ್‌ಪಾಸರ್ ಕಾನೂನಿನ ಪದ. 2024ರವರೆಗೆ ಜಾರಿಯಲ್ಲಿದ್ದ 1860ರ ಭಾರತೀಯ ದಂಡ ಸಂಹಿತೆಯ 441ನೆಯ ಕಲಮಿನ ಪ್ರಕಾರ, ನ್ಯಾಯವಾಗಿಯೇ ಒಳಬಂದು ಅನಂತರ ದುರುದ್ದೇಶದಿಂದ ಅನ್ಯಾಯವಾಗಿ ಅಲ್ಲಿಯೇ ಉಳಿದವನೂ ಅತಿಕ್ರಮ ಪ್ರವೇಶಿಯೇ ಆಗಿದ್ದ.

ಇಂಟರ್‌ಲೋಪರ್ ಪದದ ನೆಲೆ ಬೇರೆ. ‘ನಡುವೆ’ ಎಂಬರ್ಥದ ಲ್ಯಾಟಿನ್ ಪೂರ್ವಪ್ರತ್ಯಯಕ್ಕೆ, ಅಲೆಮಾರಿ ಎಂಬರ್ಥದ ‘ಲ್ಯಾಂಡ್‌ಲೋಪರ್’ ಪದದ ಉತ್ತರಾರ್ಧ ಸೇರಿ ಇದು ಹುಟ್ಟಿತೆಂಬುದು ನಿಘಂಟುಕಾರರ ಸಾಮಾನ್ಯ ಅಭಿಪ್ರಾಯ. ಹದಿನಾರನೆಯ ಶತಮಾನದ ಕೊನೆಯಲ್ಲಿ, ರಾಜಸನ್ನದು ಪಡೆದ ಕಂಪನಿಗಳ ಏಕಸ್ವಾಮ್ಯವನ್ನು ಮೀರಿ ವ್ಯಾಪಾರ ಮಾಡಿದವರಿಗೆ ಈ ಹೆಸರು ಬಂದಿತು. ಥಾಮಸ್ ಪಿಟ್ ಎಂಬ ಇಂಗ್ಲಿಷ್ ವರ್ತಕ ಇದಕ್ಕೆ ಪ್ರಸಿದ್ಧ ನಿದರ್ಶನ. ಈಸ್ಟ್ ಇಂಡಿಯಾ ಕಂಪನಿಯ ದೃಷ್ಟಿಯಲ್ಲಿ ಇಂಟರ್‌ಲೋಪರ್ ಆಗಿದ್ದ ಆತ, 1698ರಲ್ಲಿ ಅದೇ ಕಂಪನಿಯ ಮದ್ರಾಸಿನ ಗವರ್ನರನಾದ. ವ್ಯಕ್ತಿ ಅವನೇ, ಕಡಲೂ ಅದೇ, ಬದಲಾದದ್ದು ಸನ್ನದು. ಎಂದರೆ ಈ ಪದವು ಬಂದವನ ಗುಣಕ್ಕಿಂತ ಹೆಚ್ಚಾಗಿ ಬಾಗಿಲ ಒಡೆತನವನ್ನು ಹೇಳುತ್ತದೆ. ‘ನುಸುಳುಕೋರ’ ಪದದಲ್ಲಿ ಈ ಛಾಯೆಯಿಲ್ಲ. ‘ಅನಧಿಕೃತ ಪ್ರವೇಶಿ’ ಎಂಬುದು ಹೆಚ್ಚು ಹತ್ತಿರ.

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಸೋನ್ಯಾಳದಂಥ ಊರುಗಳಲ್ಲಿ ಕನ್ನಡ, ಮರಾಠಿಗಳೆರಡೂ ಬಳಕೆಯಲ್ಲಿರುವುದರಿಂದ ಈ ವಿವೇಚನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಮರಾಠಿಯ ‘ಘುಸಖೋರ’ ನುಸುಳುಕೋರನೇ. ಹಿಂದಿಯ ‘ಘೂಸ್‌ಖೋರ್’ ಲಂಚಕೋರ. ಮರಾಠಿಯ ‘ಉಪರಾ’ ನೆಲೆಯಿಲ್ಲದ ಹೊರಗಿನವನು. ಲಕ್ಷ್ಮಣ ಮಾನೆಯವರು 1980ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ ಅದೇ ಹೆಸರಿಟ್ಟು, ಆ ಪದದ ತಿರಸ್ಕಾರವನ್ನು ಸಮಾಜದ ಕಡೆಗೇ ತಿರುಗಿಸಿದರು. ಉತ್ತರ ಕರ್ನಾಟಕದ ಆಡುನುಡಿಯಲ್ಲಿ ‘ಪರದೇಶಿ’ ಎಂದರೆ ದಿಕ್ಕಿಲ್ಲದವನು. ಅಲ್ಲಿ ಹೊರಗಿನವನ ಬಗ್ಗೆ ಇರುವುದು ದೂರಲ್ಲ, ಮರುಕ.

ಇನ್ನು ಗಡಿನಾಡಿನ ಕನ್ನಡಿಗರನ್ನು ಇವುಗಳಲ್ಲಿ ಯಾವ ಪದದಿಂದ ಕರೆಯಬಹುದು? ಡಫಳೆ ಮನೆತನದ ಆಳ್ವಿಕೆಯಲ್ಲಿದ್ದ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ನೆರೆಯ ವಿಜಾಪುರ ಜಿಲ್ಲೆಯೂ ಆಗ ಅದೇ ಪ್ರಾಂತದಲ್ಲಿತ್ತು. 1956ರ ನವೆಂಬರ್ 1ರಂದು ವಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತು. ಜತ್ತ ಮುಂಬಯಿಯಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಮಹಾಜನ ಆಯೋಗ 1967ರಲ್ಲಿ ಜತ್ತ ಭಾಗವನ್ನು ಮೈಸೂರಿಗೆ ಸೇರಿಸಲು ಶಿಫಾರಸು ಮಾಡಿದರೂ ಅದು ಜಾರಿಗೆ ಬರಲಿಲ್ಲ. ಇಷ್ಟೆಲ್ಲ ಬದಲಾವಣೆಗಳ ನಡುವೆ ಹೊಲ, ಬಾವಿ, ಗುಡಿ, ಮನೆಮಾತು ಇದ್ದಲ್ಲಿಯೇ ಇದ್ದವು. ಇಲ್ಲಿ ಜನ ಗಡಿ ದಾಟಲಿಲ್ಲ. ಗಡಿಯೇ ಜನರ ಪಕ್ಕದಲ್ಲಿ ಹಾದುಹೋಯಿತು.

ಆದುದರಿಂದ ಈ ಜನರನ್ನು ‘ವಲಸಿಗರು’ ಎನ್ನುವುದೂ ತಪ್ಪಾಗುತ್ತದೆ. ಪ್ರವೇಶವೇ ಇಲ್ಲದೆಡೆ ಪ್ರವೇಶಿ ಎಲ್ಲಿಂದ ಬಂದಾನು? ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯಗಳಿಗೆ ಸೂಚಿಸುತ್ತದೆ. ಅದರ ಆಧಾರ ಮಗುವಿನ ಭಾಷೆಯೇ ಹೊರತು, ಅದರ ಕುಟುಂಬ ಎಂದು, ಎಲ್ಲಿಂದ ಬಂದಿತು ಎಂಬುದಲ್ಲ. ‘ಹೊರಗಿನವರು’ ಎಂಬ ಒಂದು ಸಡಿಲ ಅನುವಾದ ಆ ಹಕ್ಕನ್ನು ಯಾರೋ ಕರುಣೆಯಿಂದ ಕೊಟ್ಟ ರಿಯಾಯಿತಿಯಂತೆ ಕಾಣಿಸಬಲ್ಲದು. ಎರಡು ಭಾಷೆಗಳಲ್ಲಿ ಬರೆಯುವ ಸಂಶೋಧಕರು ಇಂಥ ಪದಗಳನ್ನು ಬಳಸುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು: ನಿಜವಾಗಿ ಯಾರಾದರೂ ಒಳಬಂದರೇ? ಬಂದಿದ್ದರೆ, ಆ ಬಾಗಿಲು ಯಾರದಾಗಿತ್ತು?