ಲಗಾಮಿಲ್ಲದ ತೇರು ತಿರುಗುವುದು ಹೇಗೆ?

ಕಠೋಪನಿಷತ್ತಿನಲ್ಲಿ ದೇಹವೇ ರಥ. ಆತ್ಮ ಅದರಲ್ಲಿ ಕುಳಿತವನು, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು. ಲಗಾಮು ಎಳೆದತ್ತ ಕುದುರೆ, ಕುದುರೆ ಹೋದತ್ತ ರಥ. ಎರಡು ಗಾಲಿಯ ಹಗುರ ರಥ ಓಡುತ್ತಿದ್ದುದೇ ಹಾಗೆ. ಅದರ ಗಾಲಿಯ ನಡುವೆ ನಾಭಿ, ಅದರಿಂದ ಹೊರಟ ಅರಗಳು, ಸುತ್ತ ನೇಮಿ. ಹಲಗೆ ಜೋಡಿಸಿದ ಗಟ್ಟಿಗಾಲಿಗಿಂತ ಇದು ಬಲು ಹಗುರ. ಆದರೆ ನೇಮಿ ಕಿರಿದಾದಷ್ಟೂ ಹಸಿನೆಲದಲ್ಲಿ ಹೂತುಕೊಳ್ಳುತ್ತದೆ. ಕರ್ಣನ ರಥದ ಗಾಲಿ ನೆಲಕ್ಕಿಳಿದದ್ದಕ್ಕೆ ಮಹಾಭಾರತ ಶಾಪದ ಕಾರಣ ಕೊಟ್ಟರೂ, ಕೆಸರಿನಲ್ಲಿ ಗಾಡಿ ಹೊಡೆದವರಿಗೆ ಆ ಸಂಕಟ ಚೆನ್ನಾಗಿ ಗೊತ್ತು.

ಜಾತ್ರೆಯ ತೇರಿನ ರೀತಿಯೇ ಬೇರೆ. ಮುಂದಿರುವ ಮರದ ಕುದುರೆಗಳು ಅಲಂಕಾರಕ್ಕೆ. ಎಳೆಯುವುದು ಹಗ್ಗ ಹಿಡಿದ ಜನ. ಅಚ್ಚು ಅತ್ತಿತ್ತ ತಿರುಗದು, ಹಾಗಾಗಿ ತೇರು ತಾನಾಗಿ ನೆಟ್ಟಗೆ ಮಾತ್ರ ಉರುಳಬಲ್ಲದು. ರಥಬೀದಿಗಾದರೋ ನಾಲ್ಕು ಮೂಲೆ.

ಮೊದಲ ಕಷ್ಟ ಹೊರಡುವುದೇ. ನಿಂತ ತೇರನ್ನು ಕದಲಿಸಲು ಬೇಕಾದಷ್ಟು ಬಲ, ಉರುಳುತ್ತಿರುವ ತೇರಿಗೆ ಬೇಡ. ಅದಕ್ಕೇ ಹಿಂದಿನ ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುತ್ತಾರೆ. ಅದೇ ಗಳಿಗೆಗೆ ಮುಂದಿನವರು ಒಂದೇ ಕೂಗಿಗೆ ಜಗ್ಗಬೇಕು. ಪ್ರದಕ್ಷಿಣೆಯಾದ್ದರಿಂದ ಮೂಲೆಗಳಲ್ಲಿ ತಿರುವು ಬಲಕ್ಕೆ. ಬಲಗಾಲಿಯ ಮುಂದೆ ಮರದ ಕೊರಡನ್ನು ಓರೆಯಾಗಿ ಒಡ್ಡುತ್ತಾರೆ. ಬಲಗಾಲಿ ಅದಕ್ಕೆ ತಾಗಿ ತಡೆಯುತ್ತದೆ, ಎಡಗಾಲಿ ಮುಂದೆ ಹೋಗುತ್ತದೆ, ತೇರಿನ ಮುಖ ಬಲಕ್ಕೆ ಹೊರಳುತ್ತದೆ. ಒಂದು ಸಲಕ್ಕೆ ಸ್ವಲ್ಪವೇ. ಮೂಲೆ ದಾಟುವಷ್ಟರಲ್ಲಿ ಹತ್ತಾರು ಬಾರಿ ಕೊರಡು ಇಟ್ಟು ತೆಗೆದಿರುತ್ತಾರೆ. ನಿಲ್ಲಿಸುವುದೂ ಕೊರಡಿನಿಂದಲೇ: ಎರಡೂ ಬದಿಯ ಗಾಲಿಗಳಿಗೆ ಏಕಕಾಲಕ್ಕೆ ಕೊಡಬೇಕು. ಒಂದು ಬದಿಗೆ ತಡವಾದರೆ ತೇರು ಜನರತ್ತ ಹೊರಳುತ್ತದೆ.

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಹೀಗೆ ಐದು ತೇರು ಒಂದರ ಹಿಂದೊಂದು ಸಾಗುತ್ತವೆ. ಪುರಿಯಲ್ಲಿ ಜಗನ್ನಾಥನ ನಂದಿಘೋಷಕ್ಕೆ 16 ಗಾಲಿ, ಬಲಭದ್ರನದಕ್ಕೆ 14, ಸುಭದ್ರೆಯದಕ್ಕೆ 12. ಮೂರನ್ನೂ ಪ್ರತಿ ವರ್ಷ ಹೊಸದಾಗಿ ಕಟ್ಟುತ್ತಾರೆ. ಹಂಪಿಯ ಕಲ್ಲಿನ ರಥವೊಂದೇ ಎಲ್ಲಿಗೂ ಹೊರಡದು, ಅದು ರಥದ ಆಕಾರದ ಗರುಡನ ಗುಡಿ.

ನನ್ನ ಕಣ್ಣಿಗೆ ತೇರಿನ ನಿಜವಾದ ಸಾರಥಿ ಕೊರಡು ಹಿಡಿದು ಗಾಲಿಯ ಪಕ್ಕ ಬಗ್ಗಿ ನಡೆಯುವವನು. ಉರುಳುವ ಗಾಲಿಗೂ ಅವನ ಕೈಗೂ ಇರುವುದು ಗೇಣಿನ ಅಂತರ, ಕಾಲೂರಲು ಗಟ್ಟಿ ನೆಲ ಬೇಕು. ಈ ಸಲ ಜಾತ್ರೆಗೆ ಹೋದಾಗ ಬಾಳೆಹಣ್ಣನ್ನು ದೂರದಿಂದ ಕಳಸದತ್ತ ಎಸೆಯಿರಿ, ಗಾಲಿಯ ದಾರಿಯಲ್ಲಿ ಬೀಳದಿರಲಿ. ಮಕ್ಕಳ ಕೈಹಿಡಿದು ತೇರಿನಿಂದ ಹಿಂದೆ ಸರಿದು ನಿಲ್ಲಿ.