ಓದಿನಲ್ಲಿ ಹಿಂದುಳಿದ ಮಗು: ಕಾರಣ ತಿಳಿಯದೆ ಶಾಲೆ ಬಿಡಿಸಬೇಡಿ



ರಾಗಿ ಪೈರು ಹಳದಿಯಾದರೆ ಕೆಲವರು ಕೂಡಲೇ ಯೂರಿಯಾ ಎರಚುತ್ತಾರೆ. ಅನುಭವಸ್ಥ ರೈತನು ಮೊದಲು ಒಂದೆರಡು ಗಿಡ ಕಿತ್ತು ಬೇರು ನೋಡುತ್ತಾನೆ. ಸಾರಜನಕ ಸಾಲದೆ ಹಳದಿಯಾಗಿರಬಹುದು. ನೀರು ನಿಂತು ಬೇರಿಗೆ ಗಾಳಿಯಾಡದೆ ಇರಬಹುದು. ಗೊಣ್ಣೆಹುಳು ಬೇರನ್ನು ಕಡಿದಿರಬಹುದು. ಬಣ್ಣ ಒಂದೇ, ಕಾರಣ ಬೇರೆ ಬೇರೆ. ಕಾರಣ ತಿಳಿಯದೆ ಹಾಕಿದ ಗೊಬ್ಬರದಿಂದ ಹಣವೂ ಹೋಗುತ್ತದೆ, ಬೆಳೆಯೂ ಹೋಗುತ್ತದೆ.

ಶಾಲೆಯಲ್ಲಿ ಹಿಂದೆ ಬಿದ್ದ ಮಗುವಿನ ವಿಷಯವೂ ಹೀಗೆಯೇ. "ಇವನ ತಲೆಗೆ ವಿದ್ಯೆ ಹತ್ತದು" ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸಿ, ಮಗುವನ್ನು ಶಾಲೆ ಬಿಡಿಸುವುದುಂಟು. ಹಾಗೆ ಮಾಡುವ ಮೊದಲು ಕಾರಣ ಹುಡುಕಬೇಕು. ಈ ಹುಡುಕುವ ಕೆಲಸಕ್ಕೆಂದೇ ಕಲಿತವರಿದ್ದಾರೆ, ಕಲಿಯುತ್ತಿರುವವರೂ ಇದ್ದಾರೆ. ಮನಶ್ಶಾಸ್ತ್ರ ಓದುವ ಯುವಕ ಯುವತಿಯರು ವಿಶೇಷ ಶಿಕ್ಷಣದ ಶಾಲೆಗಳಲ್ಲಿ ಕೆಲವು ತಿಂಗಳು ಇದ್ದು, ಹಿರಿಯರ ಕೈಕೆಳಗೆ ಕೆಲಸ ಕಲಿಯುತ್ತಾರೆ. ಇವರಿಗೆ ಇಂಟರ್ನ್ ಎಂದು ಹೆಸರು. ಇಂಥವರೊಬ್ಬರು ನಿಮ್ಮ ಮಗುವನ್ನು ನೋಡಲು ಬಂದರೆ ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ ಎಂಬುದನ್ನು ಇಲ್ಲಿ ತಿಳಿಸುತ್ತೇನೆ.

ನಮಗೆ ಹತ್ತಿರದ ಸಂಸ್ಥೆಗಳು

ಸರ್ವಜ್ಞನಗರದ ಲಿಂಗರಾಜಪುರದಲ್ಲಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಎಂಬ ಸಂಸ್ಥೆಯಿದೆ. ಜನರು ಎ.ಪಿ.ಡಿ. ಎನ್ನುತ್ತಾರೆ. ಇದು 1959ರಲ್ಲಿ ಆರಂಭವಾಯಿತು. ಕಟ್ಟಿದವರಲ್ಲಿ ಮುಖ್ಯರಾದ ಎನ್. ಎಸ್. ಹೇಮಾ ಅವರು ಸ್ವತಃ ಅಂಗವಿಕಲರಾಗಿದ್ದರು. ಅಂಗವಿಕಲ ಯುವಜನರಿಗೆ ತೋಟಗಾರಿಕೆಯ ತರಬೇತಿಯನ್ನೂ ಈ ಸಂಸ್ಥೆ ಕೊಡುತ್ತದೆ. ಸಸಿ ಬೆಳೆಸುವುದು, ಕಸಿ ಕಟ್ಟುವುದು ನಮಗೆ ಗೊತ್ತಿರುವ ಕಸುಬೇ ಅಲ್ಲವೆ? ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. ಇದು ಸೆರೆಬ್ರಲ್ ಪಾಲ್ಸಿ ಮುಂತಾದ ತೊಂದರೆಯುಳ್ಳ ಮಕ್ಕಳಿಗಾಗಿ ಕೆಲಸ ಮಾಡುತ್ತದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯಂತೂ ನಿಮಗೆ ಗೊತ್ತೇ ಇದೆ.

ಮೂವರು ಮಕ್ಕಳು, ಮೂರು ಕಾರಣ

ಮೂರನೆಯ ತರಗತಿಯ ಮೂವರು ಮಕ್ಕಳನ್ನು ಊಹಿಸಿಕೊಳ್ಳಿ. ಮೂವರಿಗೂ ಓದಲು ಬರುವುದಿಲ್ಲ.

ಮೊದಲನೆಯವನಿಗೆ ಪದೇ ಪದೇ ಕಿವಿ ಸೋರುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತ ಅವನಿಗೆ ಮೇಷ್ಟ್ರ ಮಾತು ಅರ್ಧವೇ ಕೇಳುತ್ತದೆ. ಇವನಿಗೆ ಬೇಕಾದದ್ದು ಕಿವಿಯ ವೈದ್ಯರು ಮತ್ತು ಮುಂದಿನ ಸಾಲು.

ಎರಡನೆಯವಳು ಮಾತಿನಲ್ಲಿ ಚುರುಕು. ಸಂತೆಯಲ್ಲಿ ಲೆಕ್ಕವನ್ನು ಬಾಯಲ್ಲೇ ಹೇಳುತ್ತಾಳೆ. ಆದರೆ ಮ, ವ ಅಕ್ಷರಗಳು ಅದಲುಬದಲಾಗುತ್ತವೆ; ಒತ್ತಕ್ಷರ ಬಂದರೆ ನಿಂತುಬಿಡುತ್ತಾಳೆ. ಹೀಗೆ ಎಷ್ಟು ಕಲಿಸಿದರೂ ಮುಂದುವರಿದರೆ ಅದು ಕಲಿಕಾ ನ್ಯೂನತೆ ಇರಬಹುದು. ಇದು ಸೋಮಾರಿತನವಲ್ಲ. ಹೊಡೆದರೆ ಹೋಗುವುದಿಲ್ಲ. ಬೇರೆ ಕ್ರಮದಲ್ಲಿ ನಿಧಾನವಾಗಿ ಕಲಿಸಬೇಕು.

ಮೂರನೆಯವನು ನಡೆದದ್ದೂ ತಡ, ಮಾತು ಬಂದದ್ದೂ ತಡ. ಗುಂಡಿ ಹಾಕಿಕೊಳ್ಳಲು, ಹೇಳಿದ ಕೆಲಸ ನೆನಪಿಡಲು ಈಗಲೂ ಕಷ್ಟ. ಇವನ ಬುದ್ಧಿ ಬೆಳವಣಿಗೆಯೇ ನಿಧಾನವಾಗಿರಬಹುದು. ಆದರೂ ಇವನು ಕಲಿಯಬಲ್ಲ. ಪಾಠವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಒಂದನ್ನೇ ಹಲವು ಸಲ ಮಾಡಿಸಬೇಕು.

ಮೂವರನ್ನೂ "ದಡ್ಡರು" ಎಂದು ಒಂದೇ ಕಂತೆ ಕಟ್ಟಿದರೆ ಮೂವರಿಗೂ ನಷ್ಟ.

ಇಂಟರ್ನ್ ಏನು ಮಾಡುತ್ತಾರೆ?

ಮಣ್ಣು ಪರೀಕ್ಷೆಗೆ ಒಂದೇ ಕಡೆಯ ಮಣ್ಣು ತೆಗೆಯಬಾರದೆಂದು ನಾವು ಹೇಳುತ್ತೇವೆ. ಬದುವಿನ ಪಕ್ಕ, ಮರದ ಕೆಳಗೆ, ಗೊಬ್ಬರದ ಗುಂಡಿಯ ಬಳಿ ತೆಗೆಯಬಾರದು. ಹೊಲದ ಹಲವು ಕಡೆ ತೆಗೆದು ಬೆರೆಸಬೇಕು. ಇಂಟರ್ನ್ ಕೂಡ ಹಾಗೆಯೇ ಹಲವು ಕಡೆಯಿಂದ ವಿಷಯ ಕೂಡಿಸುತ್ತಾರೆ. ತರಗತಿಯ ಹಿಂದೆ ಕುಳಿತು ಮಗುವನ್ನು ಗಮನಿಸುತ್ತಾರೆ. ಆಟದ ಬಯಲಿನಲ್ಲಿ ನೋಡುತ್ತಾರೆ. ನೋಟ್ ಪುಸ್ತಕ ತಿರುವಿ ಯಾವ ತಪ್ಪು ಮರುಕಳಿಸುತ್ತಿದೆ ಎಂದು ಗುರುತು ಹಾಕುತ್ತಾರೆ. ತಾಯಿಯನ್ನು ಕೇಳುತ್ತಾರೆ: ಹುಟ್ಟಿದಾಗ ಕೂಡಲೇ ಅತ್ತಿತೆ? ಕತ್ತು ನಿಂತದ್ದು, ನಡೆದದ್ದು ಯಾವಾಗ? ಫಿಟ್ಸ್ ಬಂದಿತ್ತೆ? ಅನಂತರ ಮೇಲ್ವಿಚಾರಕರ ಎದುರಿನಲ್ಲಿ ಬುದ್ಧಿಪರೀಕ್ಷೆಗೆ ನೆರವಾಗುತ್ತಾರೆ.

ಈ ಬುದ್ಧಿಪರೀಕ್ಷೆಯ ಹುಟ್ಟನ್ನು ತಿಳಿಯುವುದು ಒಳ್ಳೆಯದು. 1905ರಲ್ಲಿ ಫ್ರಾನ್ಸಿನ ಬಿನೆ ಮತ್ತು ಸಿಮೋನ್ ಎಂಬವರು ಇದನ್ನು ರಚಿಸಿದರು. ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ನೆರವು ಬೇಕೆಂದು ಕಂಡುಕೊಳ್ಳುವುದೇ ಅದರ ಉದ್ದೇಶ. ಬುದ್ಧಿಯು ಹುಟ್ಟಿನಿಂದ ಇಷ್ಟೇ ಎಂದು ಅಳೆದಿಟ್ಟ ವಸ್ತುವೆಂಬ ಮಾತನ್ನು ಬಿನೆ ಅವರೇ ಒಪ್ಪಲಿಲ್ಲ. 1930ರ ದಶಕದಲ್ಲಿ ಡಾ. ವಿ. ವಿ. ಕಾಮತ್ ಅವರು ಈ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂದು ಅದು ಇಂದಿಗೂ ಬಳಕೆಯಲ್ಲಿದೆ.

ಭಾಷೆಯ ಮಾತು ಬಹಳ ಮುಖ್ಯ. ನಮ್ಮ ಕಡೆ ಮನೆಯಲ್ಲಿ ತೆಲುಗು, ತಮಿಳು ಅಥವಾ ಉರ್ದು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಕ್ಕಳು ಬಹಳ. ತಿಳಿಯದ ಭಾಷೆಯಲ್ಲಿ ಪ್ರಶ್ನೆ ಕೇಳಿದರೆ ಯಾವ ಮಗುವೂ ದಡ್ಡನಂತೆ ಕಾಣುತ್ತದೆ. ಆದುದರಿಂದ ಮಗುವಿಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಪರೀಕ್ಷೆಯಾಗಲಿ ಎಂದು ನೀವು ಧೈರ್ಯವಾಗಿ ಕೇಳಿರಿ.

ಕೊನೆಗೆ ಮೇಷ್ಟ್ರು, ವಿಶೇಷ ಶಿಕ್ಷಕರು ಮತ್ತು ತಂದೆತಾಯಿ ಕೂಡಿ ಆ ಮಗುವಿಗೇ ತಕ್ಕ ಒಂದು ಯೋಜನೆ ಬರೆಯುತ್ತಾರೆ. "ಚೆನ್ನಾಗಿ ಓದಬೇಕು" ಎಂದು ಬರೆದರೆ ಸಾಲದು. "ಮೂರು ತಿಂಗಳೊಳಗೆ ಹತ್ತು ರೂಪಾಯಿಗೆ ಚಿಲ್ಲರೆ ಎಣಿಸಬೇಕು" ಎಂಬಂತೆ ಇರಬೇಕು. ಆಗ ಫಲ ಬಂದಿದೆಯೇ ಇಲ್ಲವೇ ಎಂದು ಅಳೆಯಬಹುದು.

ಇಂಟರ್ನ್ ಮಾಡಬಾರದ್ದು

ಇಂಟರ್ನ್ ಇನ್ನೂ ಕಲಿಯುತ್ತಿರುವವರು. ತಾವೊಬ್ಬರೇ ನಿಂತು ಮಗುವಿಗೆ ಇಂಥ ನ್ಯೂನತೆ ಇದೆ ಎಂದು ಹೇಳತಕ್ಕದ್ದಲ್ಲ. ಔಷಧಿ ಕೊಡತಕ್ಕದ್ದಲ್ಲ. ಅಂಗವೈಕಲ್ಯದ ಪ್ರಮಾಣಪತ್ರ ಕೊಡುವವರು ಸರ್ಕಾರ ಗೊತ್ತುಮಾಡಿದ ವೈದ್ಯಾಧಿಕಾರಿಗಳು ಮಾತ್ರ. ಮನೆಯ ವಿಷಯವನ್ನು ಇಂಟರ್ನ್ ಊರಿಗೆ ಸಾರತಕ್ಕದ್ದಲ್ಲ. ತಂದೆತಾಯಿಯ ಒಪ್ಪಿಗೆ ಕೇಳಿಯೇ ಕೆಲಸ ಆರಂಭಿಸಬೇಕು.

ಕಾನೂನು ನಿಮ್ಮ ಕಡೆ ಇದೆ

2009ರ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ; ಕಲಿಕಾ ನ್ಯೂನತೆ, ಆಟಿಸಂ, ಬೌದ್ಧಿಕ ನ್ಯೂನತೆ ಅದರಲ್ಲಿ ಸೇರಿವೆ. ಶೇಕಡಾ 40ಕ್ಕೆ ಕಡಮೆಯಿಲ್ಲದ ಅಂಗವೈಕಲ್ಯವಿದ್ದರೆ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ, ತಾವು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕು ಆ ಮಗುವಿಗಿದೆ.

ನೀವು ಮಾಡಬೇಕಾದ ಕೆಲಸ

1. ಮೊದಲು ಕಣ್ಣು, ಕಿವಿ ತೋರಿಸಿರಿ. ಕಣ್ಣಿಗೆ ಬೆಂಗಳೂರಿನ ಮಿಂಟೋ ಆಸ್ಪತ್ರೆ ಇದೆ. ಕಿವಿ ಮತ್ತು ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

2. ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಿರಿ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿ.ಆರ್.ಸಿ.ಯಲ್ಲಿ, ಸಮನ್ವಯ ಶಿಕ್ಷಣದ ಶಿಕ್ಷಕರನ್ನು ವಿಚಾರಿಸಿರಿ.

3. ಹೋಗುವಾಗ ತಾಯಿ ಕಾರ್ಡು, ಆಸ್ಪತ್ರೆ ಚೀಟಿ, ಹಳೆಯ ನೋಟ್ ಪುಸ್ತಕಗಳನ್ನು ತೆಗೆದುಕೊಂಡು ಹೋಗಿರಿ. ಮಗುವನ್ನು ಸಾಕಿದ ಅಜ್ಜಿಯೋ ತಾಯಿಯೋ ಜೊತೆಗಿರಲಿ.

4. ಮಗುವಿಗೆ ಬಾರದ್ದನ್ನು ಮಾತ್ರ ಹೇಳಬೇಡಿ. ಹಸುವಿಗೆ ಹುಲ್ಲು ಹಾಕುವುದು, ತಂಗಿಯನ್ನು ಆಡಿಸುವುದು, ಹಾಡು ನೆನಪಿಡುವುದು ಬರುತ್ತಿದ್ದರೆ ಅದನ್ನೂ ಹೇಳಿರಿ. ಕಲಿಸುವವರು ಅಲ್ಲಿಂದಲೇ ಹೆಜ್ಜೆ ಇಡುತ್ತಾರೆ.

5. ವರದಿಯ ಪ್ರತಿ ಕೇಳಿ ಪಡೆಯಿರಿ. ತಿಳಿಯದ ಪದವಿದ್ದರೆ ಬಿಡಿಸಿ ಹೇಳಿಸಿಕೊಳ್ಳಿರಿ.

ಒಂದು ಮಾತನ್ನು ಮರೆಮಾಚಬಾರದು. ಕಾರಣ ತಿಳಿದ ಮಾತ್ರಕ್ಕೆ ಎಲ್ಲ ಮಕ್ಕಳೂ ಎಸ್.ಎಸ್.ಎಲ್.ಸಿ. ದಾಟುವುದಿಲ್ಲ. ಬೌದ್ಧಿಕ ನ್ಯೂನತೆಯನ್ನು ಗುಳಿಗೆಯಿಂದ ಹೋಗಿಸುತ್ತೇವೆಂದು ಹಣ ಕೇಳುವವರನ್ನು ನಂಬಲೇಬೇಡಿ. ಆದರೆ ಬಸ್ಸಿನ ಬೋರ್ಡು ಗುರುತಿಸುವುದು, ಹಣ ಎಣಿಸುವುದು, ತನ್ನ ಕೆಲಸ ತಾನೇ ಮಾಡಿಕೊಳ್ಳುವುದು, ಒಂದು ಕಸುಬು ಹಿಡಿಯುವುದು ಇಂಥ ಅನೇಕ ಮಕ್ಕಳಿಗೆ ಸಾಧ್ಯ. ನಾವು ಕಾಲವಾದ ಮೇಲೂ ಬದುಕಬೇಕಾದವರು ಅವರು.

ಬಿತ್ತನೆಗೆ ಹದ ಇರುವಂತೆ ಕಲಿಸುವುದಕ್ಕೂ ಹದವಿದೆ, ಬೇಗ ತೋರಿಸಿದಷ್ಟೂ ಒಳ್ಳೆಯದು. ನಿಮ್ಮ ಮನೆಯಲ್ಲಾಗಲಿ ಪಕ್ಕದ ಮನೆಯಲ್ಲಾಗಲಿ ಇಂಥ ಮಗುವಿದ್ದರೆ ಈ ವಾರವೇ ಶಾಲೆಗೆ ಹೋಗಿ ವಿಚಾರಿಸಿರಿ.

— ಗ್ರಾಮಸೇವಕ