ಹಿತ್ತಾಳೆಗೂ ಆಯುಸ್ಸುಂಟು

ಪೀಣ್ಯದ ಪ್ರೆಸ್ ಶಾಪ್‌ಗಳಲ್ಲಿ ಕೆಲಸ ಕಲಿಯುವ ಹುಡುಗರಿಗೆ ಬೇಗನೆ ತಿಳಿಯುವ ಸಂಗತಿಯೊಂದಿದೆ. ಹಿತ್ತಾಳೆ ತಗಡನ್ನು ಡೈಗೆ ಒತ್ತಿ ಬಟ್ಟಲು ಮಾಡಿದರೆ ಅದು ಮೊದಲಿಗಿಂತ ಗಡುಸಾಗುತ್ತದೆ. ಅದನ್ನು ಹಾಗೆಯೇ ಮತ್ತೆ ಮತ್ತೆ ಒತ್ತಿದರೆ ಸೀಳುತ್ತದೆ. ನಡುವೆ ಕುಲುಮೆಯಲ್ಲಿ ಕಾಯಿಸಿದರೆ ಮಾತ್ರ ಮತ್ತೆ ಹದಕ್ಕೆ ಬರುತ್ತದೆ.

ರೈಫಲ್ ಕಾಡತೂಸಿನ ಹಿತ್ತಾಳೆ ಕೋಶ ತಯಾರಾಗುವುದೂ ಹೀಗೆಯೇ. ಅದರಲ್ಲಿ ಶೇ. 70 ತಾಮ್ರ, ಶೇ. 30 ಸತು. ಹಲವು ದೇಶಗಳಲ್ಲಿ ಗುರಿಕಾರರು ಖಾಲಿ ಕೋಶಕ್ಕೆ ಹೊಸ ಮದ್ದುಗುಂಡು ತುಂಬಿ ಮತ್ತೆ ಬಳಸುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಕಾಡತೂಸು ತಯಾರಿಸಲು ಪರವಾನಗಿ ಬೇಕು.

ಒಂದು ಕೋಶ ಎಷ್ಟು ಸಲ ಬಾಳೀತು? ಇದಕ್ಕೆ ಒಂದೇ ಲೆಕ್ಕವಿಲ್ಲ, ಲಕ್ಷಣಗಳನ್ನು ನೋಡಬೇಕು. ಗುಂಡು ಹಾರಿದಾಗ ಕೋಶ ಉಬ್ಬಿ ನಳಿಗೆಯ ಹಿಂಭಾಗದ ಗೋಡೆಗೆ ಅಂಟಿಕೊಳ್ಳುತ್ತದೆ. ಮತ್ತೆ ತುಂಬುವ ಮುನ್ನ ಅದನ್ನು ಡೈಯಲ್ಲಿ ಒತ್ತಿ ಮೊದಲಿನ ಅಳತೆಗೆ ತರುತ್ತಾರೆ. ಹೀಗೆ ಉಬ್ಬಿ ಕುಗ್ಗುವ ಕತ್ತು ಗಡುಸಾಗಿ ಸೀಳುತ್ತದೆ. ಕತ್ತನ್ನಷ್ಟೇ ಹದವಾಗಿ ಕಾಯಿಸಿ ಇದನ್ನು ಮುಂದೂಡಬಹುದು. ಆದರೆ ಬುಡಕ್ಕೆ ಕಾವು ತಾಗಕೂಡದು, ಒತ್ತಡ ತಡೆಯಲು ಅದು ಗಟ್ಟಿಯಾಗಿಯೇ ಇರಬೇಕು.

ಹೆಚ್ಚು ಅಪಾಯ ಬುಡದ ಹತ್ತಿರವೇ. ಹಾರಿಸಿದಾಗಲೆಲ್ಲ ಕೋಶ ಉದ್ದಕ್ಕೆ ಹಿಗ್ಗಿ, ಬುಡದ ತುಸು ಮೇಲೆ ಗೋಡೆ ತೆಳುವಾಗುತ್ತದೆ. ಅಲ್ಲಿ ಹೊರಗೆ ಹೊಳೆಯುವ ಉಂಗುರದಂಥ ಗೆರೆ ಕಂಡರೆ ಅನುಮಾನಿಸಬೇಕು. ತುದಿ ಬಾಗಿಸಿದ ಸಣ್ಣ ತಂತಿಯನ್ನು ಒಳಗೆ ಎಳೆದಾಗ ತಗ್ಗಿಗೆ ಸಿಕ್ಕಿಕೊಂಡರೆ ಕೋಶದ ಕೆಲಸ ಮುಗಿಯಿತು. ಅಷ್ಟೇ ಸಲ ಹಾರಿಸಿದ ಜೊತೆಯ ಕೋಶಗಳನ್ನೂ ಪರೀಕ್ಷಿಸಬೇಕು. ಬುಡದ ಸಿಡಿಮದ್ದಿನ ಬಟ್ಟಲು ಸಡಿಲವಾಗಿ ಕೂತರೂ ಕೋಶವನ್ನು ಎಸೆಯಬೇಕು. ಕೋಶ ಹರಿದರೆ ಬಿಸಿ ಅನಿಲ ನುಗ್ಗುವುದು ಹಾರಿಸುವವನ ಮುಖದ ಕಡೆಗೆ.

ಹಾರಿಸದ ಕಾಡತೂಸೂ ಕೆಡಬಲ್ಲದು. ಬ್ರಿಟಿಷರ ಕಾಲದ ಭಾರತದಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟ ಕಾಡತೂಸುಗಳು ತಾವಾಗಿ ಬಿರುಕು ಬಿಡುತ್ತಿದ್ದವು. ತಯಾರಿಕೆಯಲ್ಲಿ ಲೋಹದೊಳಗೆ ಉಳಿದ ಬಿಗಿತ ಮತ್ತು ಕುದುರೆ ಮೂತ್ರದಿಂದೇಳುವ ಅಮೋನಿಯಾ ಇದಕ್ಕೆ ಕಾರಣವೆಂದು 1921ರಲ್ಲಿ ವಿವರಣೆ ದೊರೆಯಿತು.

ವಿದ್ಯಾರ್ಥಿಗಳು ಇದನ್ನು ಅರಿಯಲು ಕಾಡತೂಸು ಬೇಕಿಲ್ಲ, ಮುಟ್ಟಲೂಬಾರದು. ಒಂದು ತುಂಡು ತಂತಿ ಸಾಕು. ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸಿದರೆ ಅದು ಮೊದಲು ಬಿರುಸಾಗಿ ಕೊನೆಗೆ ಮುರಿಯುತ್ತದೆ. ಮುರಿಯುವ ಹಿಂದಿನ ಕ್ಷಣದವರೆಗೂ ತಂತಿ ಹೆಚ್ಚುಕಡಿಮೆ ಹೊಸದರಂತೆಯೇ ಕಾಣುತ್ತದೆ. ಪೀಣ್ಯದ ನುರಿತ ಕೆಲಸಗಾರ ಹೊಳಪನ್ನು ನಂಬದೆ ಕೈಯಿಂದ ತಡವಿ ನೋಡುವುದು ಅದಕ್ಕೇ.